ಕ್ಯಾಚ್-22: ಯಾವ ಕಡತದಲ್ಲೂ ಇಲ್ಲದ ಕೊಕ್ಕೆ

'ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ.' ಕ್ಯಾಚ್-22 ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಈ ಗಾದೆ ಹೇಳುತ್ತೇನೆ. ಅರ್ಧ ಅರ್ಥ ಅಲ್ಲೇ ಸಿಗುತ್ತದೆ. ಉಳಿದರ್ಧಕ್ಕೆ ಎರಡನೇ ಮಹಾಯುದ್ಧಕ್ಕೆ ಹೋಗಬೇಕು.

ಇಲ್ಲಿ ಕ್ಯಾಚ್ ಅಂದರೆ ಕೊಕ್ಕೆ. 'ಎಲ್ಲ ಸರಿ, ಆದರೆ ಒಂದು ಕೊಕ್ಕೆ ಇದೆ' ಅಂತೀವಲ್ಲ, ಅದೇ. ಅಮೆರಿಕದ ಜೋಸೆಫ್ ಹೆಲ್ಲರ್ 1961ರಲ್ಲಿ ಪ್ರಕಟಿಸಿದ ಕಾದಂಬರಿಯ ಹೆಸರು ಅದು. ಮೊದಲು 18 ಅಂತಿತ್ತು. ಅದೇ ವರ್ಷ ಬಂದ ಇನ್ನೊಂದು ಕಾದಂಬರಿಯ ಹೆಸರಲ್ಲೂ 18 ಇದ್ದದ್ದರಿಂದ 22 ಆಯಿತು.

ಕಥಾನಾಯಕ ಯೊಸಾರಿಯನ್ ಬಾಂಬರ್ ವಿಮಾನದಲ್ಲಿ ಗುರಿ ನೋಡಿ ಬಾಂಬ್ ಬೀಳಿಸುವವನು. ಅವನಿಗೆ ಹಾರಾಟ ಸಾಕಾಗಿದೆ. ಹುಚ್ಚು ಹಿಡಿದವರನ್ನು ಹಾರಾಟಕ್ಕೆ ಕಳಿಸಬಾರದು ಅಂತ ನಿಯಮವಿದೆ. ಆದರೆ ಅವರೇ ಬಂದು ಕೇಳಬೇಕು. ಕೇಳಿದರೋ, ಜೀವದ ಮೇಲೆ ಆಸೆ ಇದೆ, ತಲೆ ನೆಟ್ಟಗಿದೆ ಅಂತಾಯಿತು. ಮತ್ತೆ ವಿಮಾನ ಹತ್ತಬೇಕು. ಈ ಕೊಕ್ಕೆಯ ಹೆಸರೇ ಕ್ಯಾಚ್-22.

ಈಗ ಯಾವ ಇಕ್ಕಟ್ಟಿಗೂ ಜನ ಈ ಪದ ಬಳಸುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಬರೀ ಇಕ್ಕಟ್ಟಿಗೆ 'ಅತ್ತ ದರಿ, ಇತ್ತ ಪುಲಿ' ಸಾಕು. ದರಿಯನ್ನು ಯಾರೂ ತೋಡಿಲ್ಲ, ಪುಲಿಯನ್ನು ಯಾರೂ ಕಳಿಸಿಲ್ಲ. ಕ್ಯಾಚ್-22ರಲ್ಲಿ ಮೇಲೆ ಒಬ್ಬ ಕೂತಿರುತ್ತಾನೆ. ನಿಯಮ ಅವನದು, ಲಾಭವೂ ಅವನದೇ.

ಇಂಥ ನಿಯಮ ಅಮೆರಿಕದ ಸೇನೆಯಲ್ಲಿ ಇತ್ತಾ? ಇರಲಿಲ್ಲ. ಆದರೆ ಅದರ ಸುತ್ತಲಿನ ಎಷ್ಟೋ ಸಂಗತಿ ಸುಮ್ನೆ ಕಟ್ಟಿದ್ದಲ್ಲ. ಹೆಲ್ಲರ್ 1944ರ ಮೇ ತಿಂಗಳಲ್ಲಿ, 21ರ ವಯಸ್ಸಿನಲ್ಲಿ ಕಾರ್ಸಿಕಾ ದ್ವೀಪದ ವಾಯುನೆಲೆ ಸೇರಿದರು. ಬಿ-25 ವಿಮಾನದಲ್ಲಿ ಯೊಸಾರಿಯನ್ ಮಾಡುವ ಕೆಲಸವನ್ನೇ ಮಾಡುತ್ತಾ 60 ಹಾರಾಟ ಮುಗಿಸಿದರು. ಇಷ್ಟು ಹಾರಾಟ ಮಾಡಿದರೆ ಮನೆಗೆ ಅನ್ನುವ ಮಿತಿ ಅಲ್ಲಿ ನಿಜಕ್ಕೂ ಏರುತ್ತಾ ಹೋಗಿತ್ತು. ಕಾದಂಬರಿಯಲ್ಲಿ ಅದು 80ಕ್ಕೆ ಮುಟ್ಟುತ್ತದೆ. ಕಥೆಯ ನೆಲೆ ಇರುವುದು ಪಿಯಾನೋಸಾ ದ್ವೀಪದಲ್ಲಿ. ದ್ವೀಪವೇನೋ ನಿಜ, ಆದರೆ ಅಷ್ಟು ದೊಡ್ಡ ವಾಯುನೆಲೆಗೆ ಅಲ್ಲಿ ಜಾಗವೇ ಇಲ್ಲ.

ಹೆಲ್ಲರ್ ಬರುವ ಕೆಲವೇ ದಿನ ಮೊದಲು ಜರ್ಮನ್ ವಿಮಾನಗಳು ರಾತ್ರಿ ಆ ಕಾರ್ಸಿಕಾ ನೆಲೆಯ ಮೇಲೆ ಬಾಂಬ್ ಹಾಕಿದ್ದವು. ಕಾದಂಬರಿಯಲ್ಲೂ ರಾತ್ರಿ ಬಾಂಬ್ ಬೀಳುತ್ತದೆ. ಹಾಕಿಸುವವನು ಮಾತ್ರ ಅದೇ ನೆಲೆಯ ಊಟದ ಉಸ್ತುವಾರಿ ಮೈಲೋ, ಜರ್ಮನ್ನರಿಂದ ಗುತ್ತಿಗೆ ಹಿಡಿದು! ಇದು ಶುದ್ಧ ಕಲ್ಪನೆ.

ನನ್ನನ್ನು ಜಾಸ್ತಿ ಕಾಡುವುದು ಅವಿನ್ಯೋನ್. 1944ರ ಆಗಸ್ಟ್‌ನಲ್ಲಿ ದಕ್ಷಿಣ ಫ್ರಾನ್ಸ್‌ನ ಆ ಊರಿನ ಮೇಲೆ ಹಾರುವಾಗ ಹೆಲ್ಲರ್ ಇದ್ದ ವಿಮಾನದ ಗನ್ನರ್‌ಗೆ ತೊಡೆಗೆ ಪೆಟ್ಟಾಯಿತು. ಹೆಲ್ಲರ್ ಗಾಯಕ್ಕೆ ಪಟ್ಟಿ ಕಟ್ಟಿದರು. ಅವನು ಬದುಕಿದ. ಕಾದಂಬರಿಯಲ್ಲಿ ಯೊಸಾರಿಯನ್ ಸ್ನೋಡನ್ ಅನ್ನುವ ಹುಡುಗನ ತೊಡೆಗೆ ಜೋಪಾನವಾಗಿ ಪಟ್ಟಿ ಕಟ್ಟುತ್ತಾನೆ. ಆಮೇಲೆ ನೋಡಿದರೆ ನಿಜವಾದ ಗಾಯ ಅಂಗಿಯ ಒಳಗಿದೆ. ಸ್ನೋಡನ್ 'ಚಳಿ, ಚಳಿ' ಅನ್ನುತ್ತಲೇ ಸಾಯುತ್ತಾನೆ. ಲೇಖಕರು ಇಲ್ಲಿ ಇತಿಹಾಸ ಬದಲಿಸಿದರು ನಿಜ. ಆದರೆ ಆ ದಿನ ವಿಮಾನದೊಳಗೆ ಅವರಿಗಾದ ಭಯವನ್ನು ಓದುವವರಿಗೆ ದಾಟಿಸಲು ಬೇರೆ ದಾರಿ ಇತ್ತಾ?

ಇನ್ನೊಂದು ವಿಷಯ. ಕಾದಂಬರಿಯಲ್ಲಿ ಊಟ ಸಿಗಬೇಕಾದರೂ ದೇಶನಿಷ್ಠೆಯ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಇದು 1944ರ ಚಿತ್ರವಲ್ಲ. ಕಮ್ಯುನಿಸ್ಟರ ಬೇಟೆ ನಡೆದ 1950ರ ದಶಕದ ಅಮೆರಿಕದ್ದು. ಹೆಲ್ಲರ್ ಬರೆಯುತ್ತಿದ್ದದ್ದೂ ಆಗಲೇ. ತಮ್ಮ ಯುದ್ಧದ ದಿನಗಳ ಅಧಿಕಾರಿಗಳ ಬಗ್ಗೆ ಅವರಿಗೆ ಸಿಟ್ಟಿರಲಿಲ್ಲ.

ಕಾದಂಬರಿಯ ಕೊನೆಯ ಹೊತ್ತಿಗೆ ರೋಮ್‌ನಲ್ಲಿ ಸೈನಿಕರು ಒಂದು ಮನೆಯ ಹುಡುಗಿಯರನ್ನೆಲ್ಲ ಬೀದಿಗೆ ಅಟ್ಟುತ್ತಾರೆ. ಯಾವ ಹಕ್ಕಿನಿಂದ? ಕ್ಯಾಚ್-22 ಅಂದರಂತೆ. ತೋರಿಸಿದರಾ ಅಂತ ಯೊಸಾರಿಯನ್ ಕೇಳುತ್ತಾನೆ. ತೋರಿಸಬೇಕಿಲ್ಲ ಅಂತ ಕಾನೂನೇ ಹೇಳುತ್ತದಂತೆ, ಅನ್ನುತ್ತಾಳೆ ಅಲ್ಲಿ ಉಳಿದ ಮುದುಕಿ. ಅಂಥದೊಂದು ನಿಯಮ ಎಲ್ಲೂ ಇಲ್ಲ ಅನ್ನುವುದು ಯೊಸಾರಿಯನ್‌ಗೆ ಖಾತ್ರಿಯಾಗುತ್ತದೆ. ಇದ್ದಿದ್ದರೆ ಹರಿದು ಹಾಕಬಹುದಿತ್ತು, ಅಲ್ವಾ?