ಕಂಪ್ಯೂಟರ್ ಗೊತ್ತಿರೋರೇ ಮಾಡೋ ತಪ್ಪುಗಳು: ಪಾಸ್‌ವರ್ಡ್ ಚೀಟಿಯಿಂದ ನುಡಿ ಫೈಲಿನವರೆಗೆ

ಕೊಡಗಲ್ಲಿ ಯಾವ ಊರಿಗೆ ಹೋದ್ರೂ, ಅದು ನಾಪೋಕ್ಲು ಇರ್ಲಿ ಶನಿವಾರಸಂತೆ ಇರ್ಲಿ, ಕಂಪ್ಯೂಟರ್ ಗೊತ್ತಿರೋ ಹುಡುಗ ಅಂತ ಒಬ್ಬ ಇದ್ದೇ ಇರ್ತಾನೆ, ಈಗೀಗ ಹುಡುಗೀರೂ ಇದ್ದಾರೆ. ತೋಟದ ಲೆಕ್ಕದ ಎಕ್ಸೆಲ್ ಓಪನ್ ಆಗ್ತಿಲ್ಲ, ಹೋಂಸ್ಟೇ ಮೇಲ್‌ದು ಪಾಸ್‌ವರ್ಡ್ ಮರೆತೋಯ್ತು, ಪ್ರಿಂಟರ್ ಮುಷ್ಕರ ಹೂಡಿದೆ, ಎಲ್ಲದಕ್ಕೂ ಅವರಿಗೇ ಫೋನು. ಆದ್ರೆ ಇಂಥವರ ಜೊತೆ ಸಲಿಗೆಯಿಂದ ಕೂತು ಮಾತಾಡಿದ್ರೆ, ಊರವರಿಗೆಲ್ಲ ಮಾಡ್ಬೇಡಿ ಅಂತ ಹೇಳೋದನ್ನ ಅವರೂ ಮಾಡ್ತಾರೆ ಅನ್ನೋದು ನಿಧಾನಕ್ಕೆ ಹೊರಗೆ ಬರುತ್ತೆ: ಒಂದೇ ಪಾಸ್‌ವರ್ಡ್ ಎಲ್ಲಾ ಕಡೆ, ಸ್ವಂತ ಫೋಟೋಗಳಿಗೆ ಬ್ಯಾಕಪ್ ಇಲ್ಲ, ಅಪ್‌ಡೇಟ್ ಬಂದ್ರೆ ಆಮೇಲೆ ಅಂತ ಒತ್ತೋದು, ಡೆಸ್ಕ್‌ಟಾಪ್ ತುಂಬ ಫೈನಲ್, ಫೈನಲ್ ಹೊಸದು, ನಿಜವಾದ ಫೈನಲ್ ಅಂತ ಫೈಲುಗಳು. ಗೊತ್ತಿದ್ದೂ ಹೀಗೆ ಮಾಡಿದ್ವಲ್ಲ ಅಂತ ನಾಚಿಕೆ, ಅದಕ್ಕೇ ಯಾರ ಹತ್ರಾನೂ ಹೇಳಲ್ಲ.

ಈ ನಾಚಿಕೆ ಬಗ್ಗೆ ನನಗೆ ನಿಜಕ್ಕೂ ಬೇಜಾರಿದೆ, ಯಾಕಂದ್ರೆ ಕಂಪ್ಯೂಟರ್ ಇತಿಹಾಸ ತೆಗೆದು ನೋಡಿದ್ರೆ ಇವತ್ತು ನಮ್ಮನ್ನ ಕಾಪಾಡ್ತಿರೋ ಎಷ್ಟೋ ವ್ಯವಸ್ಥೆಗಳು ಬಂದಿದ್ದು ಯಾರೋ ದೊಡ್ಡ ತಿಳುವಳಿಕೆಯವರು ತಾವು ಮಾಡಿದ ತಪ್ಪನ್ನ ಬಾಯಿ ಬಿಟ್ಟು ಹೇಳಿದ್ದರಿಂದ.

ಪಾಸ್‌ವರ್ಡ್‌ನಿಂದಲೇ ಶುರು ಮಾಡೋಣ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಫರ್ನಾಂಡೋ ಕೊರ್ಬಾಟೋ ತಂಡ ಸಿಟಿಎಸ್‌ಎಸ್ ಅನ್ನೋ ವ್ಯವಸ್ಥೆ ಕಟ್ತು, ಒಂದೇ ದೊಡ್ಡ ಮೆಷಿನ್ನನ್ನ ತುಂಬಾ ಜನ ಒಟ್ಟಿಗೆ ಬಳಸೋ ಹಾಗೆ. ಒಬ್ಬರ ಫೈಲು ಇನ್ನೊಬ್ಬರು ನೋಡಬಾರದು ಅಂತ ಪಾಸ್‌ವರ್ಡ್ ಇಟ್ಟರು. 1962ರಲ್ಲೇ ಅಲನ್ ಶೆರ್ ಅನ್ನೋ ಸಂಶೋಧನಾ ವಿದ್ಯಾರ್ಥಿ, ತನಗೆ ಕೊಟ್ಟ ಮೆಷಿನ್ ಟೈಮ್ ಸಾಕಾಗ್ತಿಲ್ಲ, ಬೇರೆಯವರ ಹೆಸರಲ್ಲಿ ಬಳಸೋಣ ಅಂತ, ಪಂಚ್ ಕಾರ್ಡ್ (ಆಗ ಮೆಷಿನ್ನಿಗೆ ಆದೇಶ ಕೊಡ್ತಿದ್ದ ತೂತು ಕೊರೆದ ಕಾರ್ಡ್) ಹಾಕಿ ಪಾಸ್‌ವರ್ಡ್ ಫೈಲನ್ನೇ ಪ್ರಿಂಟ್ ತೆಗೆಸಿಕೊಂಡ! ಇದನ್ನ ಆತ ಹೇಳ್ಕೊಂಡಿದ್ದು ದಶಕಗಳಾದ ಮೇಲೆ. ಆಮೇಲೆ 1966ರಲ್ಲಿ ಇನ್ನೂ ದೊಡ್ಡದಾಯ್ತು. ಆಗಿನ ಎಡಿಟರ್ ಪ್ರೋಗ್ರಾಂ ತಾತ್ಕಾಲಿಕ ಫೈಲಿಗೆ ಯಾವಾಗಲೂ ಒಂದೇ ಹೆಸರು ಇಡ್ತಿತ್ತು, ಒಂದು ಡೈರೆಕ್ಟರಿಯಲ್ಲಿ ಒಂದು ಸಲಕ್ಕೆ ಒಬ್ಬರೇ ಕೆಲಸ ಮಾಡ್ತಾರೆ ಅನ್ನೋ ನಂಬಿಕೆ ಮೇಲೆ. ಅವತ್ತು ಸಿಸ್ಟಮ್ ನೋಡ್ಕೊಳ್ಳೋ ಇಬ್ಬರು ಒಟ್ಟಿಗೆ ಕೂತಿದ್ದರು, ಒಬ್ಬರು ದಿನದ ಸಂದೇಶ ತಿದ್ದುತ್ತಾ, ಇನ್ನೊಬ್ಬರು ಪಾಸ್‌ವರ್ಡ್ ಪಟ್ಟಿ ತಿದ್ದುತ್ತಾ. ಎರಡೂ ಅದಲು ಬದಲಾಯ್ತು. ಲಾಗಿನ್ ಆದವರಿಗೆಲ್ಲ ದಿನದ ಸಂದೇಶದ ಜಾಗದಲ್ಲಿ ಎಲ್ಲರ ಪಾಸ್‌ವರ್ಡೂ ಟೈಪ್ ಆಗಿ ಬಂತು.

ಕೊರ್ಬಾಟೋಗೆ 1990ರ ಟ್ಯೂರಿಂಗ್ ಪ್ರಶಸ್ತಿ ಬಂತು, ಅದು ಕಂಪ್ಯೂಟರ್ ಕ್ಷೇತ್ರದ ಅತಿ ದೊಡ್ಡ ಗೌರವ, ಆ ಪ್ರಶಸ್ತಿಯ ಭಾಷಣದಲ್ಲಿ ಅವರು ಈ ಘಟನೆಯನ್ನ ಎತ್ತಿ ಹೇಳಿದ್ರು. ಸನ್ಮಾನ ಮಾಡಿಸ್ಕೊಳ್ತಾ ನಿಂತಾಗ ತಮ್ಮ ವ್ಯವಸ್ಥೆ ಎಲ್ಲಿ ಕೆಟ್ಟಿತು ಅಂತ ಹೇಳೋಕೆ ಎಷ್ಟು ದೊಡ್ಡ ಮನಸ್ಸು ಬೇಕು ಯೋಚಿಸಿ. 2014ರಲ್ಲಿ, ವಯಸ್ಸಾದ ಮೇಲೆ, ಪಾಸ್‌ವರ್ಡ್‌ಗಳು ಈಗ ದುಃಸ್ವಪ್ನ ಆಗಿಬಿಟ್ಟಿವೆ ಅಂತ ಪತ್ರಿಕೆಯೊಂದಕ್ಕೆ ಹೇಳಿದ್ರು, ತಮ್ಮ ಪಾಸ್‌ವರ್ಡ್‌ಗಳನ್ನ ಚೀಟಿಯಲ್ಲಿ ಬರೆದಿಟ್ಕೊಂಡಿದ್ದನ್ನೂ ಒಪ್ಕೊಂಡ್ರು. ಪಾಸ್‌ವರ್ಡ್ ತಂದವರೇ ಚೀಟಿ ಇಟ್ಕೊಂಡಿದ್ರು ಅಂದ್ಮೇಲೆ, ಮಡಿಕೇರಿಯ ಅಂಗಡಿ ಕೌಂಟರಿನಲ್ಲಿ ಮಾನಿಟರಿಗೆ ಅಂಟಿಸಿರೋ ಹಳದಿ ಚೀಟಿ ನೋಡಿ ಯಾರನ್ನೂ ಬೈಯೋಕೆ ನನಗೆ ಮನಸ್ಸು ಬರಲ್ಲ.

ಇದರ ಜೊತೆ ಸೇರಿಸಿ ಹೇಳಬೇಕಾದ್ದು ಬಿಲ್ ಬರ್ ವಿಷಯ. ಪಾಸ್‌ವರ್ಡಿನಲ್ಲಿ ದೊಡ್ಡಕ್ಷರ ಬೇಕು, ಅಂಕಿ ಬೇಕು, ಚಿಹ್ನೆ ಬೇಕು, ಆಗಾಗ ಬದಲಾಯಿಸ್ತಿರಬೇಕು ಅಂತ ನಮ್ಮ ಜೀವ ತಿನ್ನೋ ನಿಯಮ ಇದೆಯಲ್ಲ, ಅದು ಊರೂರಿಗೆ ಹರಡಿದ್ದು 2003ರಲ್ಲಿ ಅವರು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ಗೆ ಬರೆದ ಮಾರ್ಗಸೂಚಿಯಿಂದ. ಜನ ಏನು ಮಾಡಿದ್ರು? ಊರ ಹೆಸರು ಹಾಕಿ, ಮೊದಲ ಅಕ್ಷರ ದೊಡ್ಡದು ಮಾಡಿ, ಅಟ್ ಚಿಹ್ನೆ ಹಾಕಿ, ಕೊನೆಗೆ 123. ಬದಲಾಯಿಸಿ ಅಂದ್ರೆ 124. ಇದನ್ನ ಊಹಿಸೋದು ಕಳ್ಳರ ಪ್ರೋಗ್ರಾಮಿಗೆ ಕಷ್ಟವೇ ಅಲ್ಲ. 2017ರಲ್ಲಿ ಬರ್, ನಿವೃತ್ತಿ ಆದ ಮೇಲೆ, ಅದರಲ್ಲಿ ಬಹಳಷ್ಟಕ್ಕೆ ಈಗ ಪಶ್ಚಾತ್ತಾಪ ಇದೆ ಅಂತ ಬಹಿರಂಗವಾಗಿ ಹೇಳಿದ್ರು. ನಿಸ್ಟ್ ಕೂಡ ಅದೇ ವರ್ಷ ನಿಯಮ ತಿದ್ದಿತು: ಸೋರಿಕೆ ಆದ ಸುಳಿವು ಇಲ್ಲದೆ ಸುಮ್ಮನೆ ಬದಲಾಯಿಸಿ ಅನ್ನಬೇಡಿ, ಉದ್ದ ಇರ್ಲಿ ಸಾಕು ಅಂತ. ನಮ್ಮ ಕಡೆ ಎಷ್ಟೋ ಆಫೀಸುಗಳಲ್ಲಿ ಇನ್ನೂ ಹಳೇ ನಿಯಮವೇ ನಡೀತಿದೆ.

ಇನ್ನು ಡಿಲೀಟ್. ಇದು ಎಲ್ಲಕ್ಕಿಂತ ಹೆಚ್ಚು ನೋವು ಕೊಡೋ ತಪ್ಪು. ಫಿನ್‌ಲ್ಯಾಂಡಿನ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಮೋಡೆಮ್‌ನಿಂದ ಯೂನಿವರ್ಸಿಟಿ ಕಂಪ್ಯೂಟರಿಗೆ ಡಯಲ್ ಮಾಡೋಕೆ ಹೋಗಿ, ಮೋಡೆಮ್ ಹೆಸರಿನ ಬದಲು ಹಾರ್ಡ್ ಡಿಸ್ಕ್ ಹೆಸರು ಕೊಟ್ಟುಬಿಟ್ಟ, ಡಯಲ್ ಕಮಾಂಡ್ ಹೋಗಿ ಡಿಸ್ಕ್ ಮೇಲೆ ಬರೆದು ಕೂತ್ಕೊಳ್ತು, ಅದರಲ್ಲಿದ್ದ ಮಿನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ (ವಿಂಡೋಸ್ ಥರ ಕಂಪ್ಯೂಟರ್ ನಡೆಸೋ ಮೂಲ ಪ್ರೋಗ್ರಾಂ) ಹಾಳಾಯ್ತು. ಮತ್ತೆ ಮಿನಿಕ್ಸ್ ಹಾಕೋ ಬದಲು ತಾನು ಬರೀತಿದ್ದ ಲಿನಕ್ಸ್ ಅನ್ನೋ ಅಂಥದ್ದೇ ವ್ಯವಸ್ಥೆಯನ್ನ ಸ್ವಂತ ಕಾಲ ಮೇಲೆ ನಿಲ್ಲೋ ಹಾಗೆ ಮಾಡೋಕೆ ಕೂತ. ಈ ಕಥೆ ಲಿನಕ್ಸ್ ಗೊತ್ತಿರೋರಿಗೆಲ್ಲ ಗೊತ್ತು, ಆತನೇ ಮುಚ್ಚುಮರೆ ಇಲ್ಲದೆ ಹೇಳ್ಕೊಂಡ ಕಾರಣಕ್ಕೆ.

ಇಂಥ ಅನಾಹುತ ಆಗುತ್ತೆ ಅಂತ ಎಲ್ಲರೂ ಒಪ್ಕೊಂಡಿದ್ದರಿಂದಲೇ 1983ರ ಆಪಲ್ ಲೀಸಾ ಕಂಪ್ಯೂಟರಲ್ಲಿ ಕಸದ ಬುಟ್ಟಿ ಚಿತ್ರ ಬಂತು, 1991ರಲ್ಲಿ ಮೈಕ್ರೋಸಾಫ್ಟಿನ ಡಾಸ್ 5 ಅನ್ನೋ ವ್ಯವಸ್ಥೆಯಲ್ಲಿ ಅಳಿಸಿದ್ದನ್ನ ವಾಪಸ್ ತರೋ ಕಮಾಂಡ್ ಬಂತು, ವಿಂಡೋಸ್ 95ರಲ್ಲಿ ರೀಸೈಕಲ್ ಬಿನ್ ಬಂತು. ಹಳೇ ಹಾರ್ಡ್ ಡಿಸ್ಕಲ್ಲಿ ಡಿಲೀಟ್ ಅಂದ್ರೆ ಫೈಲಿನ ಹೆಸರು ಪಟ್ಟಿಯಿಂದ ತೆಗೆದು ಈ ಜಾಗ ಖಾಲಿ ಅಂತ ಗುರುತು ಹಾಕೋದಷ್ಟೇ, ಒಳಗಿನ ದತ್ತಾಂಶ ಬೇರೆ ಏನಾದ್ರೂ ಅದರ ಮೇಲೆ ಬರೆಯೋವರೆಗೂ ಅಲ್ಲೇ ಇರುತ್ತೆ. ಈಗಿನ ಎಸ್‌ಎಸ್‌ಡಿಗಳಲ್ಲಿ (ತಿರುಗೋ ತಟ್ಟೆ ಬದಲು ಚಿಪ್ ಇರೋ ಡಿಸ್ಕ್) ಹಾಗಲ್ಲ, ಖಾಲಿ ಅಂತ ಗೊತ್ತಾದ ಜಾಗವನ್ನ ಡ್ರೈವೇ ಒಳಗಿಂದೊಳಗೆ ಸ್ವಚ್ಛ ಮಾಡಿಬಿಡುತ್ತೆ. ರಿಕವರಿ ಸಾಫ್ಟ್‌ವೇರ್ ಇದೆಯಲ್ಲ ಅನ್ನೋ ಹಳೇ ಧೈರ್ಯ ಇಟ್ಕೊಂಡಿರೋ ಅನುಭವಿಗಳು ಈಗ ಎಡವೋದು ಇಲ್ಲೇ.

ನಮ್ಮ ಕಡೆ ಇದಕ್ಕೆ ಇನ್ನೊಂದು ರೂಪ ಇದೆ, ಫಾರ್ಮ್ಯಾಟ್ ಹೊಡೆಯೋದು. ಸಿಸ್ಟಮ್ ಸ್ಲೋ ಆಯ್ತಾ, ವೈರಸ್ ಬಂತಾ, ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿ, ಡಿ ಡ್ರೈವ್ ಹಾಗೇ ಇರುತ್ತೆ, ಏನೂ ಹೋಗಲ್ಲ ಅನ್ನೋ ಮಾತು. ಆದ್ರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡೂ ಮಾಮೂಲಾಗಿ ಇರೋದು ಸಿ ಡ್ರೈವಲ್ಲೇ, ಮತ್ತೆ ಮನೆಯವರು ಎಲ್ಲಾ ಸೇವ್ ಮಾಡೋದೂ ಡೆಸ್ಕ್‌ಟಾಪಲ್ಲೇ! ತೋಟದವರ ಮನೆಗಳಲ್ಲಿ ಮಳೆ ಲೆಕ್ಕ ಬರೆಯೋ ಅಭ್ಯಾಸ ತಲೆಮಾರುಗಳಿಂದ ಇದೆ, ದಿನದಿನದ ಮಳೆ ಇಂಚು ಸೆಂಟಿನಲ್ಲಿ (ಸೆಂಟು ಅಂದ್ರೆ ಇಂಚಿನ ನೂರನೇ ಒಂದು ಭಾಗ), ಕಾಫಿ ಹೂ ಅರಳಿಸೋ ಹೂಮಳೆ ಯಾವತ್ತು ಬಂತು, ಅದರ ಹಿಂದೆ ಬೇಕಾಗೋ ಬ್ಯಾಕಿಂಗ್ ಮಳೆ ಎಷ್ಟು ದಿನ ಬಿಟ್ಟು ಬಂತು ಅಂತ. ಹಳೇ ಡೈರಿಗಳಲ್ಲಿದ್ದದ್ದನ್ನ ಕೂತು ಎಕ್ಸೆಲ್‌ಗೆ ಹಾಕಿದ ಮನೆಗಳಲ್ಲಿ ಆ ಫೈಲ್ ಡೆಸ್ಕ್‌ಟಾಪ್ ಮೇಲಿದ್ರೆ ಒಂದು ಫಾರ್ಮ್ಯಾಟಿಗೆ ಎಲ್ಲಾ ಹೋಯ್ತು. ಫಾರ್ಮ್ಯಾಟ್ ಮಾಡಿದವರಿಗೆ ಆಮೇಲೆ ಗೊತ್ತಾಗುತ್ತೆ, ಆದ್ರೆ ಹಾರ್ಡ್ ಡಿಸ್ಕ್ ಹಾಳಾಗಿತ್ತು ಅಂದುಬಿಡೋದು ಸುಲಭ. ಹಾಗೆ ಅಂದ ದಿನವೇ ಪಕ್ಕದ ಮನೆಯಲ್ಲೂ ಇದೇ ಆಗೋಕೆ ದಾರಿ ಆಗುತ್ತೆ, ಯಾಕಂದ್ರೆ ಕಾರಣ ಯಾರಿಗೂ ಗೊತ್ತಾಗಲೇ ಇಲ್ಲ.

ಬ್ಯಾಕಪ್ ಮಾಡಿದ್ದೀವಿ ಅಂದ್ಕೊಂಡಿರೋರ ಕಥೆ ಇನ್ನೂ ಆಳದ್ದು. 1998ರಲ್ಲಿ ಪಿಕ್ಸಾರ್ ಸ್ಟುಡಿಯೋದಲ್ಲಿ ಟಾಯ್ ಸ್ಟೋರಿ 2 ತಯಾರಾಗ್ತಿದ್ದಾಗ ಯಾರೋ ಅಳಿಸೋ ಕಮಾಂಡ್ ಒತ್ತಿ ಚಿತ್ರದ ಫೈಲುಗಳು ಕಣ್ಣೆದುರೇ ಮಾಯ ಆದ್ವು, ಬ್ಯಾಕಪ್ ನೋಡಿದ್ರೆ ಅದು ಸರಿಯಾಗಿ ಆಗ್ತಾನೇ ಇರ್ಲಿಲ್ಲ. ತಂಡದ ಗ್ಯಾಲಿನ್ ಸಸ್‌ಮನ್ ಆಗ ಮಗು ಹುಟ್ಟಿದ್ದರಿಂದ ಮನೆಯಿಂದ ಕೆಲಸ ಮಾಡ್ತಿದ್ದರು, ಅವರ ಮನೆ ಕಂಪ್ಯೂಟರಲ್ಲಿ ಒಂದು ಪ್ರತಿ ಇತ್ತು, ಅದೇ ಚಿತ್ರವನ್ನ ಉಳಿಸ್ತು.

2017ರ ಜನವರಿ 31ರಂದು, ಪ್ರೋಗ್ರಾಂ ಬರೆಯೋರು ತಮ್ಮ ಕೋಡ್ ಇಡೋ ತಾಣ ನಡೆಸೋ ಗಿಟ್‌ಲ್ಯಾಬ್ ಕಂಪನಿಯಲ್ಲಿ ಆಗಿದ್ದನ್ನ ನಾನು ಸಿಕ್ಕಿದವರಿಗೆಲ್ಲ ಹೇಳ್ತೀನಿ. ರಾತ್ರಿ ಹೊತ್ತು ಎಂಜಿನಿಯರ್ ಒಬ್ಬರು ಡೇಟಾಬೇಸ್ ತೊಂದರೆ ಸರಿ ಮಾಡ್ತಾ, ಎರಡನೇ ಸರ್ವರ್ ಅಂದ್ಕೊಂಡು ಮುಖ್ಯ ಸರ್ವರಿನಲ್ಲೇ ಅಳಿಸೋಕೆ ಶುರು ಮಾಡಿದ್ರು, ಒಂದೆರಡು ಸೆಕೆಂಡಲ್ಲಿ ಗೊತ್ತಾಗಿ ನಿಲ್ಲಿಸಿದ್ರೂ 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ ಮಾತ್ರ. ಬ್ಯಾಕಪ್‌ಗೆ ಹೋದ್ರೆ ಅದು ಆವೃತ್ತಿ ಹೊಂದಾಣಿಕೆ ಆಗದೆ ಸುಮ್ಮನೆ ಸೋಲ್ತಾ ಇತ್ತು, ಸೋತಿದೆ ಅಂತ ಹೇಳೋ ಮೇಲ್ ಕೂಡ ತಿರಸ್ಕಾರ ಆಗಿ ಯಾರಿಗೂ ತಲುಪ್ತಿರಲಿಲ್ಲ. ಪುಣ್ಯಕ್ಕೆ ಸುಮಾರು 6 ಗಂಟೆ ಮುಂಚೆ ಬೇರೆ ಕೆಲಸಕ್ಕೆ ಅಂತ ಅದೇ ಎಂಜಿನಿಯರ್ ಕೈಯಾರೆ ತೆಗೆದಿದ್ದ ಒಂದು ಪ್ರತಿ ಇತ್ತು. ಗಿಟ್‌ಲ್ಯಾಬ್ ಇದನ್ನ ಮುಚ್ಚಿಡಲಿಲ್ಲ. ಸರಿಪಡಿಸೋ ಕೆಲಸವನ್ನ ಯೂಟ್ಯೂಬಲ್ಲಿ ನೇರವಾಗಿ ತೋರಿಸ್ತು, ತಮ್ಮ ಟಿಪ್ಪಣಿಗಳನ್ನ ಎಲ್ಲರೂ ಓದೋ ಹಾಗೆ ಇಟ್ಟಿತು, ಆಮೇಲೆ ಒಂದೊಂದು ಕಾರಣನೂ ಬಿಡಿಸಿ ಬರೀತು. ಅದನ್ನ ಓದಿದ ಎಷ್ಟೋ ಜನ ಅವತ್ತೇ ತಮ್ಮ ಬ್ಯಾಕಪ್ ವಾಪಸ್ ತೆರೆಯುತ್ತಾ ಅಂತ ಪರೀಕ್ಷೆ ಮಾಡಿರ್ತಾರೆ.

ಕೊಡಗಿನ ಮಟ್ಟಿಗೆ ಬ್ಯಾಕಪ್ ಕೆಡೋಕೆ ಕಾರಣ ಹೆಚ್ಚಾಗಿ ಸಿಡಿಲು. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಿ ಕರೆಂಟ್ ವೈರಿಂದ ಮಾತ್ರ ಅಲ್ಲ, ಟೆಲಿಫೋನ್ ತಂತಿಯಿಂದಲೂ ಹೊಡೆತ ಒಳಗೆ ಬರುತ್ತೆ, ಮೋಡೆಮ್ ಸುಟ್ಟು ಅಲ್ಲಿಂದ ನೆಟ್‌ವರ್ಕ್ ಕೇಬಲ್ ಹಿಡಿದು ಕಂಪ್ಯೂಟರಿಗೂ. ಯುಪಿಎಸ್ ಇದೆ ಅನ್ನೋ ನಂಬಿಕೆಯಲ್ಲಿ ಮೋಡೆಮ್ ವೈರ್ ತೆಗೆಯಲ್ಲ. ಬ್ಯಾಕಪ್ ಡಿಸ್ಕನ್ನ ವರ್ಷವಿಡೀ ಯುಎಸ್‌ಬಿಗೆ ಚುಚ್ಚಿ ಬಿಟ್ಟಿದ್ರೆ ಮೂಲಾನೂ ಪ್ರತೀನೂ ಒಂದೇ ಏಟಿಗೆ ಹೋಗುತ್ತೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಜನ ಉಟ್ಟ ಬಟ್ಟೆಯಲ್ಲಿ ಓಡಿ ಬಂದ್ರು, ಅಂಥ ಹೊತ್ತಲ್ಲಿ ಮನೆ ಒಳಗಿನ ಎರಡನೇ ಪ್ರತಿಯಿಂದ ಏನೂ ಪ್ರಯೋಜನ ಇಲ್ಲ. ಒಂದು ಪ್ರತಿ ಬೇರೆ ಊರಲ್ಲಿರೋ ನೆಂಟರ ಮನೆಯಲ್ಲೋ ಕ್ಲೌಡಲ್ಲೋ ಇರಬೇಕು. ಕ್ಲೌಡ್ ಅಂದಾಗ ಒಂದು ಮಾತು, ಸಿಂಕ್ ಆಗೋದು, ಅಂದ್ರೆ ಒಂದು ಕಡೆ ಮಾಡಿದ ಬದಲಾವಣೆ ಎಲ್ಲಾ ಕಡೆ ಆಗೋದು, ಬ್ಯಾಕಪ್ ಅಲ್ಲ. ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿರೋದನ್ನ ಆ್ಯಪಿನಲ್ಲಿ ಅಳಿಸಿದ್ರೆ ಫೋನಲ್ಲೂ ಹೋಗುತ್ತೆ ಕ್ಲೌಡಲ್ಲೂ ಹೋಗುತ್ತೆ, 60 ದಿನ ಬಿನ್‌ನಲ್ಲಿರುತ್ತೆ, ಆಮೇಲೆ ಇಲ್ಲ.

ಅಪ್‌ಡೇಟ್ ಮುಂದೂಡೋದರ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. 2017ರ ಮಾರ್ಚ್ 14ಕ್ಕೆ ಮೈಕ್ರೋಸಾಫ್ಟ್ ಒಂದು ದೋಷಕ್ಕೆ ತಿದ್ದುಪಡಿ ಕೊಟ್ಟಿತ್ತು, ಮೇ 12ಕ್ಕೆ ಅದೇ ದೋಷ ಹಿಡಿದು ವಾನಾಕ್ರೈ ಅನ್ನೋ ಹಣ ಕೇಳೋ ವೈರಸ್ ಬಂತು, ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಬಿತ್ತು. ಎರಡು ತಿಂಗಳು ಸಮಯ ಇತ್ತು. ಆದ್ರೆ ಮಳೆಗಾಲದಲ್ಲಿ ಭಾಗಮಂಡಲದ ಕಡೆ ದಿನಗಟ್ಟಲೆ ಕರೆಂಟ್ ಇರಲ್ಲ, ಅರ್ಧ ಅಪ್‌ಡೇಟಲ್ಲಿ ಇನ್ವರ್ಟರ್ ಕೈಕೊಟ್ರೆ ಸಿಸ್ಟಮ್ ಏಳಲ್ಲ ಅನ್ನೋ ಭಯ ಸುಳ್ಳಲ್ಲ, ಅದಕ್ಕೆ ಸೋಮಾರಿತನ ಅನ್ನೋಕೆ ನಾನು ತಯಾರಿಲ್ಲ. ಬೇಸಿಗೆಯಲ್ಲೇ, ಕರೆಂಟ್ ನೆಟ್ಟಗಿರೋವಾಗ ಮುಗಿಸ್ಕೊಳ್ಳೋದು ಇರೋದರಲ್ಲಿ ಒಳ್ಳೇದು.

ಕನ್ನಡದವರದ್ದೇ ಆದ ಒಂದು ಅಭ್ಯಾಸ ಉಳಿದಿದೆ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು, ಕನ್ನಡ ಟೈಪ್ ಮಾಡೋದು ಮನೆಮನೆಗೆ ತಲುಪಿದ್ದು ಇವರಿಂದ, ಆ ಉಪಕಾರ ದೊಡ್ಡದು. ಆಗ ಬಳಕೆಯಲ್ಲಿದ್ದ ಫಾಂಟ್‌ಗಳಲ್ಲಿ ಕಂಪ್ಯೂಟರ್ ಒಳಗೆ ಉಳಿಸ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತವನ್ನ, ಫಾಂಟ್ ಮಾತ್ರ ಅದನ್ನ ಕನ್ನಡದ ಹಾಗೆ ತೋರಿಸ್ತಿತ್ತು. ಫಾಂಟ್ ಇಲ್ಲದ ಮೆಷಿನ್ನಲ್ಲಿ ತೆರೆದ್ರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡೋ ಜಾಗತಿಕ ಮಾನಕ ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟೂ ಬಂತು. ಆದ್ರೂ ಡಿಟಿಪಿಯವರು (ಪುಟ ಜೋಡಿಸಿ ಮುದ್ರಣಕ್ಕೆ ಕೊಡೋರು) ಬದಲಾಗಲಿಲ್ಲ, ಅವರು ಬಳಸ್ತಿದ್ದ ಪೇಜ್‌ಮೇಕರ್ ಅನ್ನೋ ಸಾಫ್ಟ್‌ವೇರ್ ಯೂನಿಕೋಡ್ ಕನ್ನಡ ತಗೊಳ್ತಿರಲಿಲ್ಲ, ಬೆರಳುಗಳಿಗೂ ಹಳೇದೇ ರೂಢಿ ಆಗಿತ್ತು. ಯೂನಿಕೋಡಲ್ಲಿ ಉಳಿಸಬೇಕಿತ್ತು ಅಂತ ಗೊತ್ತಿದ್ದೂ ಉಳಿಸಲಿಲ್ಲ ಅಂತ ಆ ಕಾಲದಲ್ಲಿ ಟೈಪ್ ಮಾಡಿದವರು ಈಗ ಒಪ್ಕೊಳ್ತಾರೆ.

ಒಕ್ಕದ (ಕೊಡವ ಕುಲದ) ವಂಶಾವಳಿ, ಐನ್‌ಮನೆಯ (ಒಕ್ಕದ ಮೂಲಮನೆಯ) ಚರಿತ್ರೆ, ಕನ್ನಡ ಲಿಪಿಯಲ್ಲಿ ಬರೆದ ಕೊಡವ ತಕ್ಕಿನ (ಕೊಡವ ಭಾಷೆಯ) ಹಾಡುಗಳು, ಅರೆಭಾಷೆಯ ಗಾದೆಗಳು, ದೇವಸ್ಥಾನ ಸಮಿತಿಯ ನಡಾವಳಿ, ಇಂಥದ್ದೆಲ್ಲ ಆಗಿನ ಸಿಡಿಗಳಲ್ಲಿ ಹಳೇ ಫಾಂಟಿನಲ್ಲೇ ಕೂತಿದ್ರೆ ಇವತ್ತು ಹುಡುಕಿದ್ರೆ ಸಿಗಲ್ಲ, ಫೋನಲ್ಲಿ ತೆರೆಯಲ್ಲ. ಪರಿವರ್ತಕಗಳು ಉಚಿತವಾಗಿ ಸಿಗ್ತವೆ, ಆದ್ರೆ ಯಾವ ಫಾಂಟಿನದ್ದು ಅಂತ ಗೊತ್ತಿರಬೇಕು, ಬರಹದ್ದಕ್ಕೂ ನುಡಿಯದ್ದಕ್ಕೂ ಶ್ರೀಲಿಪಿ ಅನ್ನೋ ಇನ್ನೊಂದು ಸಾಫ್ಟ್‌ವೇರಿನದ್ದಕ್ಕೂ ಸಂಕೇತ ಒಂದೇ ಅಲ್ಲ. ಪರಿವರ್ತನೆ ಆದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳು ಅಲ್ಲಲ್ಲಿ ಕೆಡ್ತವೆ, ಮೂಲ ಗೊತ್ತಿರೋರೇ ಕೂತು ಓದಿ ತಿದ್ದಬೇಕು. ಅವರಲ್ಲಿ ಬಹಳ ಜನಕ್ಕೆ ಈಗ ವಯಸ್ಸಾಗಿದೆ, ಸಿಡಿ ಡ್ರೈವ್ ಇರೋ ಕಂಪ್ಯೂಟರೂ ಊರಿಗೆ ಒಂದೋ ಎರಡೋ ಉಳಿದಿದೆ. ಮನೆಯಲ್ಲಿ ಅಂಥ ಸಿಡಿ ಇದ್ರೆ ಈ ಬೇಸಿಗೆ ಮುಗಿಯೋದ್ರೊಳಗೆ ತೆಗೆದು ನೋಡಿ, ಟೈಪ್ ಮಾಡಿದವರಿಗೆ ಒಂದು ಫೋನ್ ಮಾಡಿ ಯಾವ ಫಾಂಟು ಅಂತ ಕೇಳಿ ಬರೆದಿಟ್ಕೊಳ್ಳಿ.