192 ಇರೋದೇ ತಗೊಳ್ಳಲಾ ಸರ್?

ಈ ತಿಂಗಳು ಇದು ಐದನೇ ಸಲ. ಈ ಸಲ ಕೇಳಿದವರು ಕಲಬುರಗಿಯ ಬ್ರಹ್ಮಪುರದವರು. ಮನೆಯ ಮೇಲಿನ ಕೋಣೆಯಲ್ಲಿ ತತ್ವಪದ ರೆಕಾರ್ಡ್ ಮಾಡಬೇಕಂತೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ, ಅಂದರೆ ಆಡಿಯೊ ಇಂಟರ್‌ಫೇಸ್, ಒಂದು 96 ಕಿಲೋಹರ್ಟ್ಸ್‌ನದು (ದನಿಯನ್ನು ಸೆಕೆಂಡಿಗೆ 96 ಸಾವಿರ ಸಲ ಅಳೆಯುವಂಥದ್ದು), ಇನ್ನೊಂದು 192ರದು, ಅದಕ್ಕೆ ದುಡ್ಡೂ ಜಾಸ್ತಿ. ದನಿ ಡಬಲ್ ಚೆನ್ನಾಗಿ ಬರುತ್ತದಾ?

ಇಲ್ಲ. 96ರದ್ದನ್ನೇ ತಗೊಳ್ಳಿ. ಅದನ್ನೂ 48ಕ್ಕೆ ಇಟ್ಟು ರೆಕಾರ್ಡ್ ಮಾಡಿ.

ಎಲ್ಲರ ತಲೆಯಲ್ಲಿ ಕೂತಿರುವುದು ಫೋಟೊದ ಲೆಕ್ಕ. ಮೆಗಾಪಿಕ್ಸೆಲ್ ಜಾಸ್ತಿಯಾದರೆ ಚಿತ್ರ ಸ್ಪಷ್ಟ, ಸ್ಯಾಂಪಲ್, ಅಂದರೆ ಈ ಅಳತೆ, ಜಾಸ್ತಿಯಾದರೆ ದನಿ ನುಣುಪು ಅಂತ. ದನಿ ಹಾಗಲ್ಲ. ಸೆಕೆಂಡಿಗೆ ಎಷ್ಟು ಸ್ಯಾಂಪಲ್ ತೆಗೆಯುತ್ತೀರೋ ಅದರ ಅರ್ಧಕ್ಕಿಂತ ಕೆಳಗಿನ ಕಂಪನವೆಲ್ಲ ಪೂರ್ತಿ ಮರಳಿ ಸಿಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಅಲ್ಲ, ಅಲೆಯಾಗಿಯೇ. ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲೇ ಇದನ್ನು ಗಣಿತದಲ್ಲಿ ತೋರಿಸಿಕೊಟ್ಟರು. ಅಂದರೆ 48ರಲ್ಲಿ 24 ಸಾವಿರ ಹರ್ಟ್ಸ್ ತನಕ ಸಿಕ್ಕಿತು. ಎಳೆ ಕಿವಿಗೆ ಕೇಳುವುದೇ ಸುಮಾರು 20 ಸಾವಿರ, ನನ್ನಂಥವರಿಗೆ ಅದೂ ಇಲ್ಲ. 1982ರಲ್ಲಿ ಬಂದ ಸಿ.ಡಿ. 44,100ಕ್ಕೇ ನಿಂತದ್ದು ಸುಮ್ನೆ ಅಲ್ಲ. 192ರಲ್ಲಿ ನಿಮಗೆ ಹೆಚ್ಚಿಗೆ ಸಿಗುವುದು 24ರಿಂದ 96 ಸಾವಿರದ ತನಕದ ಸದ್ದು. ಬಾವಲಿಗೆ ತತ್ವಪದ ಕೇಳಿಸುವುದಿದ್ದರೆ ಸರಿ. ಫೈಲ್ ಮಾತ್ರ ಖರೇ ಬೆಳೆಯುತ್ತದೆ: 24 ಬಿಟ್‌ನ (ಒಂದೊಂದು ಅಳತೆ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ) ಒಂದು ಟ್ರ್ಯಾಕಿಗೆ ನಿಮಿಷಕ್ಕೆ 8.6 ಎಂಬಿ ಇದ್ದದ್ದು 34.6 ಆಗುತ್ತದೆ.

“ನನಗೆ ಫರಕ್ ಕೇಳಿಸ್ತದ ಸರ್” ಅನ್ನುವವರಿದ್ದಾರೆ. ಎರಡೂ ರೆಕಾರ್ಡಿಂಗನ್ನು, ಯಾವುದು ಯಾವುದೆಂದು ಹೇಳದೆ, ಒಂದೇ ವಾಲ್ಯೂಮಿನಲ್ಲಿ, ಗೆಳೆಯ ಹತ್ತು ಸಲ ಹಾಕಲಿ. ನನ್ನ ಮುಂದೆ ಕೂತು ಪಂಥ ಕಟ್ಟಿದವರೆಲ್ಲ ಸೋತಿದ್ದಾರೆ. ಮೊದಲು ಸೋತವನು ನಾನೇ. ಸಿನಿಮಾಕ್ಕಾಗಿ ಸದ್ದನ್ನು ನಾಲ್ಕು ಪಟ್ಟು ನಿಧಾನ ಮಾಡುವವರಿಗೆ 192 ಬೇಕಾದೀತು. ನೀವು ಅವರಲ್ಲ.

24 ಬಿಟ್ ಮಾತ್ರ ಬಿಡಬೇಡಿ. ದನಿ ಏರಿದಾಗ ರೆಕಾರ್ಡಿಂಗ್ ಮೀಟರ್ ಮೈನಸ್ 12 ಡೆಸಿಬೆಲ್ ಹತ್ತಿರ ಇರಲಿ. ಇನ್ನು ಎಣಿಸಬೇಕಾದದ್ದು ಮೈಕು. ಹಾಡಿಗೊಂದು, ಹಾರ್ಮೋನಿಯಂಗೊಂದು, ತಬಲಾಕ್ಕೆ ಎರಡು, ಎಲ್ಲ ಒಟ್ಟಿಗೇ ಅಂದರೆ ನಾಲ್ಕು ಪ್ರಿಆಂಪ್ (ಮೈಕಿನ ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಭಾಗ) ಇರುವ ಇಂಟರ್‌ಫೇಸ್ ಬೇಕು. ದನಿಯ ಏರಿಳಿತ ಕಮ್ಮಿ ಮಾಡುವ ಪ್ರತ್ಯೇಕ ಕಂಪ್ರೆಸರ್ ಈಗ ಬೇಡ. ರೆಕಾರ್ಡ್ ಮಾಡುವಾಗಲೇ ಅದು ದನಿಯನ್ನು ಅಮುಕಿಬಿಟ್ಟರೆ ಆಮೇಲೆ ಬಿಡಿಸಲು ಬರುವುದಿಲ್ಲ.

ಉಳಿದ ದುಡ್ಡು? ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ನಮ್ಮ ಕಡೆ ನೆಲವೆಲ್ಲ ಶಹಾಬಾದ್ ಫರಸಿ. ಕೋಣೆಯಲ್ಲಿ ಒಂದು ಚಪ್ಪಾಳೆ ಹೊಡೆದು ನೋಡಿ, ಹೇಗೆ ಪುಟಿಯುತ್ತದೆ! ಮೊಟ್ಟೆ ಟ್ರೇ ಅಂಟಿಸಬೇಡಿ. ಅಜ್ಜಿ ಹೊಲಿದ ದಪ್ಪ ಕೌದಿಗಳನ್ನು ಹಾಡುವವರ ಹಿಂದೆ, ಗೋಡೆಯಿಂದ ಒಂದು ಗೇಣು ಬಿಟ್ಟು ತೂಗುಹಾಕಿ. ನೆಲಕ್ಕೆ ಜಮಖಾನ ಹಾಸಿ. ಮೇ ತಿಂಗಳಲ್ಲಿ ಕೂಲರ್ ಬಂದ್ ಮಾಡಿ ಹಾಡುವುದು ಯಾರಿಂದಲೂ ಆಗದ ಕೆಲಸ, ಬೆಳಗಿನ ಐದಕ್ಕೇ ಮುಗಿಸಿ. ಆಗ ಹಿಂದೆ ಗುಂಯ್ ಅನ್ನುವುದು ಕೇಳಿಸಿದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತಿತಾ? ಅದು 50 ಹರ್ಟ್ಸ್ ಕರೆಂಟಿನ ಹಾಡು. ಲ್ಯಾಪ್‌ಟಾಪ್, ಸ್ಪೀಕರ್ ಎರಡನ್ನೂ ಒಂದೇ ಬೋರ್ಡಿಗೆ ಹಾಕಿ. ಹೋಗದಿದ್ದರೆ ಎಲೆಕ್ಟ್ರಿಷಿಯನ್‌ಗೆ ಅರ್ಥಿಂಗ್ ತೋರಿಸಿ. ಪ್ಲಗ್ಗಿನ ದಪ್ಪ ಪಿನ್, ಅಂದರೆ ಅರ್ಥಿಂಗಿನದು, ಮಾತ್ರ ಮುರಿಯಬೇಡಿ.