ಕಾಲು ತೊಳೆದ ನೀರು ಬಾಗಿಲು ತೆಗೆಯುತ್ತಾ?

ಪ್ರಶ್ನೆ: ಐರ್ಲೆಂಡಿನ ಹಳ್ಳಿಗಳಲ್ಲಿ ಕಾಲು ತೊಳೆದ ನೀರನ್ನು ರಾತ್ರಿ ಮನೆಯೊಳಗೆ ಬಿಡಬಾರದು ಅನ್ನುತ್ತಿದ್ದರಂತೆ. ಯಾಕೆ?

ಉತ್ತರ: ಆ ನೀರು ಒಳಗಿದ್ದರೆ ಬಾಗಿಲು ಹಾಕಿಯೂ ಹಾಕದ ಹಾಗೆ, ಅದಕ್ಕೆ. ರಾತ್ರಿ ಫೇರಿಗಳು ಹೊರಗೆ ನಿಂತು ಕರೆದರೆ ಒಳಗಿನಿಂದ ಅಗುಳಿ ತೆಗೆಯುವುದು ಅದೇ ನೀರು ಅಂತ ನಂಬಿಕೆ. ಫೇರಿ ಅಂದರೆ ಚಿತ್ರಪುಸ್ತಕದ ರೆಕ್ಕೆಯ ಪುಟಾಣಿ ಅಲ್ಲ. ತೊಟ್ಟಿಲ ಮಗುವನ್ನೇ ಬದಲಾಯಿಸಿಕೊಂಡು ಹೋಗುವಂಥವರು. ಹೆಸರು ಹಿಡಿದರೆ ಸಿಟ್ಟಾದಾರು ಅಂತ ‘ಒಳ್ಳೇ ಜನ’ ಅಂತಲೇ ಕರೆಯುತ್ತಿದ್ದರು.

ಇದರ ಕಥೆಯೊಂದಿದೆ, ಒಂದೊಂದು ಕಡೆ ಒಂದೊಂದು ರೀತಿ. ಹೊತ್ತು ಮೀರಿ ಉಣ್ಣೆ ಕೆಲಸ ಮಾಡುತ್ತಿದ್ದವಳ ಮನೆಗೆ ಗುರುತಿಲ್ಲದ ಹೆಂಗಸರು ನುಗ್ಗುತ್ತಾರೆ. ಅವಳು ಉಪಾಯದಿಂದ ಅವರನ್ನು ಹೊರಗೆ ಸಾಗಹಾಕಿ ಬಾಗಿಲು ಭದ್ರ ಮಾಡುತ್ತಾಳೆ. ತಿರುಗಿ ಬಂದವರು ‘ಕಾಲು ತೊಳೆದ ನೀರೇ, ಬಾಗಿಲು ತೆಗಿ’ ಅಂತ ಕೂಗುತ್ತಾರೆ. ‘ಆಗಲ್ಲ, ನನ್ನನ್ನು ನೆಲಕ್ಕೆ ಚೆಲ್ಲಿಬಿಟ್ಟಿದ್ದಾರೆ’ ಅನ್ನುತ್ತದೆ ನೀರು. ಮನೆ ಉಳಿಯಿತು.

ಐರಿಷ್ ಭಾಷೆಯಲ್ಲಿ ಈ ನೀರಿಗೆ ‘ಇಶ್ಕ ನ ಗೊಸ್’ ಅಂತ ಬೇರೆಯೇ ಹೆಸರಿದೆ. ಇಶ್ಕ ಅಂದರೆ ನೀರು. (ವಿಸ್ಕಿ ಹುಟ್ಟಿದ್ದೂ ಇದೇ ಪದದಿಂದ!)

ಕಾಲಿನ ನೀರಿಗೇ ಇಷ್ಟು ಭಯ ಯಾಕೆ? ಆಗ ಹಳ್ಳಿ ಮಕ್ಕಳು ಮೇ ತಿಂಗಳಿಂದ ಚಳಿ ಶುರುವಾಗುವ ತನಕ ಬರಿಗಾಲಲ್ಲೇ ಓಡಾಡುತ್ತಿದ್ದರು. ದೊಡ್ಡವರಲ್ಲೂ ಎಷ್ಟೋ ಜನ ಚರ್ಚ್ ಹತ್ತಿರ ಬರುವವರೆಗೆ ಬೂಟನ್ನು ಕೈಯಲ್ಲೇ ಹಿಡಿದು ನಡೆಯುತ್ತಿದ್ದರು, ಸವೆಯಬಾರದಲ್ವಾ? ಹಾಗಾಗಿ ಮಲಗುವ ಮುಂಚೆ ಕಾಲು ತೊಳೆಯುವುದು ದೊಡ್ಡ ಕೆಲಸ. 1937ರಿಂದ 1939ರವರೆಗೆ ಸುಮಾರು 50,000 ಶಾಲಾ ಮಕ್ಕಳು ಊರ ಹಿರಿಯರನ್ನು ಕೇಳಿ ಜಾನಪದ ಬರೆದುಕೊಟ್ಟರು. ಅದರಲ್ಲಿ ಕಾಲಿನ ಆರೈಕೆಯೇ ಒಂದು ವಿಷಯವಾಗಿತ್ತು. ಬರೀ ಸ್ವಚ್ಛತೆಯ ಪಾಠ ಇದು ಅಂತ ನನಗೆ ಅನಿಸುವುದಿಲ್ಲ. ಇಡೀ ದಿನ ತುಳಿದ ಹೊರಗಿನ ಮಣ್ಣು ಆ ನೀರಲ್ಲಿ ಇರುತ್ತದೆ. ಹೊರಗಿನದ್ದು ಒಳಗೇ ಉಳಿದರೆ ಹೊರಗಿನವರಿಗೆ ದಾರಿ ಆಯಿತಲ್ಲ.

ಚೆಲ್ಲುವುದಕ್ಕೂ ಒಂದು ರೀತಿ ಇತ್ತು. ಕತ್ತಲಲ್ಲಿ ಸುಮ್ನೆ ಎರಚುವಂತಿಲ್ಲ. ಅತ್ತ ಹಾದುಹೋಗುತ್ತಿದ್ದ ಫೇರಿಯ ಮೈಮೇಲೆ ಬಿದ್ದರೆ? ಮೊದಲು ‘ಹುಷಾರು!’ ಅಂತ ಕೂಗಬೇಕು, ಆಮೇಲೆ ಚೆಲ್ಲಬೇಕು.

ಮಳೆ ರಾತ್ರಿ ಎದ್ದು ಹೋಗಲು ಸೋಮಾರಿತನವೇ? ಅದಕ್ಕೂ ದಾರಿ ಇತ್ತು. ಒಲೆಯಿಂದ ಒಂದು ಕೆಂಡ ತೆಗೆದು ಟಬ್ಬಿಗೆ ಹಾಕಿದರೆ ಸಾಕು. ಚುಂಯ್ ಅಂದರೆ ನೀರಿನ ಶಕ್ತಿ ಹೋಯಿತು ಅಂತ ಲೆಕ್ಕ.